ಹಗ್ಗ ಹಿಡಿದವಳ ಹ್ಞೂಂ

ಮದಕರಿಪುರದ ಯತ್ತಪ್ಪನ ಬಾಯಿಂದ ಮಾತು ಹೊರಡಿಸುವುದಕ್ಕಿಂತ ಬತ್ತಿದ ಬೋರ್‌ವೆಲ್ಲಿನಿಂದ ನೀರು ಹೊರಡಿಸುವುದು ಸುಲಭ ಎಂದು ಊರಿನವರು ಆಡಿಕೊಳ್ಳುತ್ತಾರೆ. ಸುಳ್ಳೇನಲ್ಲ. ಸಾರಿಗೆ ಉಪ್ಪು ಕಡಿಮೆಯಾದರೆ ಉಪ್ಪಿನ ಡಬ್ಬಿಯ ಕಡೆ ನೋಡುತ್ತಾನೆ, ಹೆಚ್ಚಾದರೆ ನೀರಿನ ಚೊಂಬಿನ ಕಡೆ ನೋಡುತ್ತಾನೆ, ಸರಿಯಾಗಿದ್ದರೆ ಎತ್ತಲೂ ನೋಡದೆ ಉಂಡು ಏಳುತ್ತಾನೆ. ಅವನ ಹೆಂಡತಿ ತಿಪ್ಪಕ್ಕ ಇದಕ್ಕೆ ಪೂರಾ ಉಲ್ಟಾ. ಅವಳು ಬಸ್ಸಿನಲ್ಲಿ ಹೊಳಲ್ಕೆರೆಗೆ ಹೋಗಿ ಬಂದರೆ ಪಕ್ಕದ ಸೀಟಿನವರ ಮೂರು ತಲೆಮಾರಿನ ಕತೆ ಅವಳ ಜೊತೆ ಊರಿಗೆ ಬಂದಿಳಿಯುತ್ತದೆ. ಇಬ್ಬರಿಗೂ ಹಂಚಬೇಕಾದ ಮಾತನ್ನೆಲ್ಲ ದೇವರು ಒಬ್ಬಳ ಉಡಿಗೇ ಸುರಿದುಬಿಟ್ಟ ಎಂದು ಅತ್ತೆ ಹುಚ್ಚಕ್ಕ ಬದುಕಿದ್ದ ತನಕ ಅನ್ನುತ್ತಿದ್ದಳು.

ಬಾವಿಯ ದಡದಲ್ಲಿ ಮಾತ್ರ ಇದು ತಿರುಗುಮುರುಗಾಗುತ್ತದೆ. ಅಲ್ಲಿ ಯತ್ತಪ್ಪ ಮಾತಾಡುವವನು, ತಿಪ್ಪಕ್ಕ ಬಾಯಿಗೆ ಬೀಗ ಹಾಕಿಕೊಂಡವಳು.

ಇವರ ಕಸುಬು ಹೂಳು ತುಂಬಿದ ಇಂಗುಬಾವಿಗಳನ್ನು ಚೊಕ್ಕ ಮಾಡುವುದು. ಇಂಗುಬಾವಿ ಎಂದರೆ ನಾವು ನೀರು ಸೇದುವ ಬಾವಿಯಲ್ಲ, ಭೂಮಿಗೆ ನೀರು ಕುಡಿಸುವ ಬಾವಿ. ಹೊಲದ ಮೇಲೆ ಹರಿದು ಪೋಲಾಗುವ ಮಳೆನೀರನ್ನು ಕಾಲುವೆ ಮಾಡಿ ತಿರುಗಿಸಿ, ಕಲ್ಲು, ಜಲ್ಲಿ, ಮರಳು ತುಂಬಿದ ಗುಂಡಿಯಲ್ಲಿ ಸೋಸಿ, ಬತ್ತಿಹೋದ ಹಳೇ ಬಾವಿಗೆ ಬಿಡುತ್ತಾರೆ. ಅದು ಕೆಳಗಿಳಿದು ಸುತ್ತಲಿನ ಬೋರುಗಳಿಗೆ ಸೇರುತ್ತದೆ. ಕೇಳುವುದಕ್ಕೆ ಚೆಂದ. ಆದರೆ ನಾಲ್ಕಾರು ಮಳೆಗಾಲ ಕಳೆಯುವುದರೊಳಗೆ ನೀರಿನ ಜೊತೆ ಬಂದ ಸಣ್ಣ ಮಣ್ಣು ತಳಕ್ಕೆಲ್ಲ ಗಾರೆ ಬಳಿದಂತೆ ಕೂತುಬಿಡುತ್ತದೆ. ಆಮೇಲೆ ಎಂಥ ಮಳೆ ಬಂದರೂ ನೀರು ಬಾವಿಯಲ್ಲಿ ನಿಂತು ಸೊಳ್ಳೆ ಸಾಕುತ್ತದೆಯೇ ಹೊರತು ಹನಿಯೂ ಕೆಳಗಿಳಿಯುವುದಿಲ್ಲ. ಉದ್ಘಾಟನೆಗೆ ಟೇಪು ಕತ್ತರಿಸಲು ಬಂದವರು ಯಾರೂ ಆಮೇಲೆ ಆ ಕಡೆ ತಲೆ ಹಾಕುವುದಿಲ್ಲ. ಕೊನೆಗೆ ಫೋನು ಬರುವುದು ಯತ್ತಪ್ಪನಿಗೆ. ಅವನು ಇಳಿದು, ಹೂಳೆತ್ತಿ, ನೀರು ಇಂಗುವ ಗರಸು ಮಣ್ಣು ಕಾಣುವ ತನಕ ಕೆರೆದು, ಗೋಡೆಯ ಸಂದಿಯಲ್ಲಿ ಮುಚ್ಚಿಹೋದ ಜಲದ ಕಣ್ಣುಗಳನ್ನು ಹಾರೆಯಿಂದ ಬಿಡಿಸಿ ಬರುತ್ತಾನೆ.

ಕೆಸರು ತುಂಬಿದ ಬಕೆಟ್ಟಿನ ಹಗ್ಗವನ್ನು ಯಾರು ಬೇಕಾದರೂ ಎಳೆಯಬಹುದು. ಯತ್ತಪ್ಪನ ನಡುವಿಗೂ ತೊಡೆಗೂ ಸೇರಿಸಿ ಕಟ್ಟಿದ ಹಗ್ಗ ಮಾತ್ರ ತಿಪ್ಪಕ್ಕನದು. ಅದು ರಾಟೆಯ ಮೇಲೆ ಹಾದು, ಹತ್ತಿರದ ಮರಕ್ಕೆ ಎರಡು ಸುತ್ತು ಬಳಸಿ, ಅವಳ ಅಂಗೈಗೆ ಬಂದು ನಿಲ್ಲುತ್ತದೆ. ಮದುವೆಯಾಗಿ ಬಂದ ವರ್ಷವೇ ಹುಚ್ಚಕ್ಕ ಈ ಹಗ್ಗವನ್ನು ಸೊಸೆಯ ಕೈಗಿಟ್ಟು ಮನೆಯ ಕಟ್ಟಳೆ ಹೇಳಿದ್ದಳು. ಕೆಳಗಿರುವವನು ಬಾಯಿ ಮುಚ್ಚಕೂಡದು, ಏನಾದರೂ ಮಾತಾಡುತ್ತಲೇ ಇರಬೇಕು. ಮೇಲಿರುವವಳು ಹ್ಞೂಂಗುಟ್ಟುತ್ತಿರಬೇಕು. ಅದೊಂದನ್ನು ಬಿಟ್ಟು ಬೇರೆ ಮಾತು ಅವಳ ಬಾಯಿಂದ ಬರಕೂಡದು, ಮಾತಿಗೆ ಸಿಕ್ಕಿದರೆ ಕಿವಿ ಹೋಗುತ್ತದೆ. ಮಾತು ನಿಂತರೆ ಅವಳು ಎಳೆಯಬೇಕು. ಹ್ಞೂಂ ನಿಂತರೆ ಅವನು ಹತ್ತಬೇಕು. "ಕತೆ ಹೇಳೋನು, ಕತೆ ಕೇಳೋಳು, ಅಷ್ಟೇ ಕಣವ್ವ. ಇಬ್ಬರಾಗೆ ಒಬ್ರು ತೂಕಡಿಸಿದ್ರೂ ಕತೆ ಮುಗೀತು," ಎಂದಿದ್ದಳು ಹುಚ್ಚಕ್ಕ.

ಹೀಗಾಗಿ ತಿಪ್ಪಕ್ಕನಿಗೆ ಗಂಡನ ವಿಷಯ ಗೊತ್ತಿರುವುದೆಲ್ಲ ಬಾವಿಯಿಂದ ಬಂದದ್ದು. ಮಗಳು ನಾಗಶ್ರೀ ಬಬ್ಬೂರಿನ ಕೃಷಿ ಫಾರಮ್ಮಿನಲ್ಲಿ ಕೆಲಸಕ್ಕೆ ಸೇರಿದ ದಿನ ಯತ್ತಪ್ಪ ತುಟಿ ಬಿಚ್ಚಲಿಲ್ಲ. ಮರುವಾರ ಹೊಸದುರ್ಗದ ಕಡೆಯ ಒಂದು ಬಾವಿಯ ತಳದಲ್ಲಿ, ಹುಡುಗಿ ನೆಟ್ಟಗೆ ನಡೆಯುತ್ತಾಳೆ, ಯಾರಿಗೂ ಬಗ್ಗುವುದಿಲ್ಲ, ಅದೊಂದು ಒಳ್ಳೇದಾಯಿತು ಎಂದ. ಮಂಡಿ ನೋವು, ಅಣ್ಣನ ಮೇಲಿನ ಸಿಟ್ಟು, ಈರುಳ್ಳಿ ರೇಟು, ನಿನ್ನೆಯ ಮುದ್ದೆ ಗಂಟು ಗಂಟಾಗಿತ್ತು ಎನ್ನುವ ದೂರು, ಎಲ್ಲವೂ ಅಲ್ಲೇ. ಹೆಂಡತಿಯ ಹೊಗಳಿಕೆ ಮಾತ್ರ ಒಂದು ದಿನವೂ ಬಂದಿರಲಿಲ್ಲ. ಕೆಸರಿನ ಜೊತೆ ಬರುವ ಮಾತು ಕೆಸರಿನಂತೆಯೇ ಇರುತ್ತದೆ ಎಂದು ತಿಪ್ಪಕ್ಕ ನಗುತ್ತಿದ್ದಳು. ಆದರೆ ಒಳಗೊಳಗೇ, ಒಂದು ಸಲವಾದರೂ ಒಂದು ಒಳ್ಳೇ ಮಾತು ಬಕೆಟ್ಟಿನಲ್ಲಿ ಮೇಲೆ ಬಂದೀತೇ ಎಂಬ ಆಸೆ ಅವಳಿಗೆ ಇದ್ದೇ ಇತ್ತು. ಯಾರಿಗಿರುವುದಿಲ್ಲ?

ಕಳೆದ ವರ್ಷ ಹಸ್ತ ಮಳೆಯ ಹೊತ್ತಿಗೆ ಐಮಂಗಲದಿಂದ ಒಳಗಿರುವ ಒಂದು ಹಟ್ಟಿಗೆ ಅವರನ್ನು ಕರೆಸಿದರು. ಹಟ್ಟಿಗೆ ಕುಡಿಯುವ ನೀರು ಕೊಡುವ ಬೋರು ಒಂದೇ, ಅದು ಗಾಳಿ ಕಕ್ಕಲು ಶುರು ಮಾಡಿತ್ತು. ಅದರ ಪಕ್ಕದ ಇಂಗುಬಾವಿ ಮುಂಗಾರಿನಿಂದಲೂ ಒಂದು ಹನಿ ನುಂಗಿರಲಿಲ್ಲ. ಹೊಲದ ಯಜಮಾನ ಮರುಳಸಿದ್ದಪ್ಪ, ಹಟ್ಟಿಗೆ ಹಿರಿಯ, ಮೋಡ ನೋಡಿ ನೋಡಿ ಕತ್ತು ನೋಯಿಸಿಕೊಂಡಿದ್ದ. ಬೇಸಿಗೆಯೆಲ್ಲ ಸುಮ್ಮನಿದ್ದು ಈಗ ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲು ಹೊರಟಿದ್ದರು. ನಿಂತ ನೀರನ್ನು ಮೋಟಾರಿಟ್ಟು ಖಾಲಿ ಮಾಡಿಸಿದ್ದರು. ತಳದ ಕೆಸರು ತೆಗೆಯುವುದೊಂದು ಬಾಕಿ. ಗೋಡೆಯಿಂದ ಹಳೇ ಕಾಲದ ಮೆಟ್ಟಿಲುಗಲ್ಲುಗಳು ಚಾಚಿಕೊಂಡಿದ್ದರಿಂದ ಯಂತ್ರ ಒಳಗಿಳಿಯುತ್ತಿರಲಿಲ್ಲ.

ಕೆಲಸ ನೋಡಿಕೊಳ್ಳುತ್ತಿದ್ದವಳು ಅನುಪಮಾ ಎಂಬ ಎಂಜಿನಿಯರು, ಚಿತ್ರದುರ್ಗದ ಒಂದು ಸಂಸ್ಥೆಯವಳು. ಅವಳು ಅಂದು ಬೆಳಿಗ್ಗೆಯೇ ಬೇಡ ಎಂದಿದ್ದಳು.

"ಇವತ್ತು ಇಳಿಯೋದು ಬೇಡ ಯತ್ತಪ್ಪಣ್ಣ. ಬಾವಿ ಬಾಯಿಗೆ ಚಪ್ಪಡಿ ಮುಚ್ಚಿತ್ತು. ಗಾಳಿ ನೋಡೋ ಮೀಟರು, ಗಾಳಿ ಊದೋ ಫ್ಯಾನು ಎರಡೂ ನಾಳೆ ಬರ್ತವೆ."

"ನಾಳೆ ಅನ್ನೋದ್ರಾಗೆ ಮಳೆ ಬರುತ್ತೆ ತಾಯಿ," ಎಂದ ಮರುಳಸಿದ್ದಪ್ಪ, ಹೊಳಲ್ಕೆರೆ ದಿಕ್ಕಿಗೆ ಕೈ ತೋರಿಸುತ್ತ. ಅಲ್ಲಿ ಮೋಡ ಕಾಡಿಗೆ ಹಚ್ಚಿಕೊಂಡು ನಿಂತಿತ್ತು. "ಒಂದು ಸಲ ರಾಡಿ ತುಂಬ್ತು ಅಂದ್ರೆ ಈ ವರ್ಷಕ್ಕೆ ಬಾವಿ ಸತ್ತಂಗೆ. ಹಟ್ಟಿ ಹೆಂಗಸ್ರು ಕೊಡ ಹೊತ್ಕಂಡು ಹೈವೇ ದಾಟ್ಬೇಕಾಗುತ್ತೆ."

ಯತ್ತಪ್ಪ ಲಾಟೀನು ಹಚ್ಚಿ ಹಗ್ಗಕ್ಕೆ ಕಟ್ಟಿ ತಳದ ತನಕ ಇಳಿಬಿಟ್ಟ. ಅವನಪ್ಪನೂ ಹಾಗೇ ಮಾಡುತ್ತಿದ್ದ. ದೀಪ ಆರಿದರೆ ಗಾಳಿ ಕೆಟ್ಟಿದೆ, ಉರಿದರೆ ಇಳಿಯಬಹುದು. ದೀಪ ಅಲುಗದೆ ಉರಿಯಿತು.

"ಉರೀತಾ ಐತಲ್ಲ ಮೇಡಂ," ಎಂದಳು ತಿಪ್ಪಕ್ಕ. ಇದನ್ನು ಹೇಳಿದವಳು ಅವಳೇ. ಆಮೇಲೆ ಎಷ್ಟೋ ದಿನ ಆ ಮಾತು ಅವಳ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಚುಚ್ಚಿತು.

ಅನುಪಮಾ ಒಲ್ಲದ ಮನಸ್ಸಿನಿಂದ ಸುಮ್ಮನಾದಳು. ಯತ್ತಪ್ಪ ಹಗ್ಗ ಕಟ್ಟಿಕೊಂಡು ಇಳಿದ. ಬಕೆಟ್ಟು ಎಳೆಯಲು ಹಟ್ಟಿಯ ಚಂದ್ರು, ತಿಮ್ಮೇಶ್ ಇಬ್ಬರು ನಿಂತರು. ತಿಪ್ಪಕ್ಕ ಬೇವಿನ ಮರಕ್ಕೆ ಎರಡು ಸುತ್ತು ಹಗ್ಗ ಬಳಸಿ, ಕಾಲೂರಿ, ಬಾಯಿ ಮುಚ್ಚಿದಳು.

ಬಾವಿ ಏಳಾಳು ಆಳ. ಯತ್ತಪ್ಪನ ಮಾತು ಕೆಳಗಿನಿಂದ ಗುಂಯ್‌ಗುಟ್ಟುತ್ತ ಬರುತ್ತಿತ್ತು. "ಹೂಳು ಮಂಡಿ ಮಟ ಐತೆ... ಮೇಲ್ಗಡೆ ಜೇಡಿಮಣ್ಣು ಹೆಪ್ಪುಗಟ್ಟೈತೆ... ಈ ಹಾರೆ ಮೊನೆ ಹೋಗೈತೆ, ತಟ್ಟಿಸ್ಕಂಡು ಬಾ ಅಂದಿದ್ದೆ, ನೀನು ಕುಲುಮೆ ಮುಂದೆ ಹಾದು ಹೋದ್ರೂ ತಟ್ಟಿಸ್ಲಿಲ್ಲ..."

"ಹ್ಞೂಂ," ಎಂದಳು ತಿಪ್ಪಕ್ಕ.

"ಬೆಳಿಗ್ಗೆ ಚಟ್ನಿಗೆ ಹುಣಸೆಹಣ್ಣು ಜಾಸ್ತಿ ಹಾಕಿದ್ದೆ. ಹಲ್ಲು ಜುಂ ಅಂತಾವೆ ಇನ್ನೂ."

"ಹ್ಞೂಂ." ಚಂದ್ರು ತಿಮ್ಮೇಶನ ಮುಖ ನೋಡಿ ಕಿಸಕ್ಕನೆ ನಕ್ಕ. ತಿಪ್ಪಕ್ಕ ನಗಲಿಲ್ಲ. ದೂರು ಬರುತ್ತಿರುವ ತನಕ ಗಂಡ ಸುಖವಾಗಿದ್ದಾನೆ ಎಂದೇ ಅವಳ ಲೆಕ್ಕ.

ಬಕೆಟ್ಟುಗಳು ಒಂದಾದ ಮೇಲೊಂದು ಬಂದವು, ಹೋದವು. ಬಾವಿಯ ಪಕ್ಕ ಕೆಸರಿನ ರಾಶಿ ಬೆಳೆಯಿತು. ಗುಡ್ಡದ ಸಾಲಿನ ಮೇಲೆ ಕರೆಂಟು ಮಾಡುವ ಗಾಳಿ ಫ್ಯಾನುಗಳು ರೆಕ್ಕೆ ಬೀಸುತ್ತಿದ್ದವು. ಮೋಡ ಹತ್ತಿರ ಬರುತ್ತಿತ್ತು. ಮರುಳಸಿದ್ದಪ್ಪ ಒಂದು ಕಣ್ಣು ಮೋಡದ ಮೇಲೆ, ಒಂದು ಕಣ್ಣು ರಾಟೆಯ ಮೇಲೆ ಇಟ್ಟು, "ಬೇಗ ಎಳೀರೋ, ಬೇಗ," ಎಂದು ಗೊಣಗುತ್ತಿದ್ದ. ಕೆಳಗೆ ಹಾರೆಯ ಧಪ್ ಧಪ್ ಸದ್ದು. ಯತ್ತಪ್ಪ ಹೆಪ್ಪು ಒಡೆಯುತ್ತಿದ್ದ.

ಹೆಪ್ಪು ಒಡೆದ ಮೇಲೆ ಬಂದ ಮೊದಲ ಬಕೆಟ್ಟು ಬೇರೆ ಬಣ್ಣದ್ದಾಗಿತ್ತು. ಕರ್ರಗೆ, ಲೋಳೆ ಲೋಳೆ. ತಿಮ್ಮೇಶ್ ಮೂಗು ಮುಚ್ಚಿಕೊಂಡು ಸುರಿದ. ನಾತ ತಿಪ್ಪಕ್ಕನ ತನಕ ಬಂತು. ಅವಳು ಕುರಿಗಾರರ ಮನೆಯಲ್ಲಿ ಹುಟ್ಟಿದವಳು. ಹೊಸದುರ್ಗದ ಕಡೆಯ ಹೊಲಗಳಲ್ಲಿ, ಕುರಿಮಂದೆಯ ಪಕ್ಕ ಕಂಬಳಿ ಹಾಸಿ ಮಲಗಿ ಬೆಳೆದವಳು. ಆ ನಾತ ಕುರಿಹಿಕ್ಕೆಯದು, ನೀರಲ್ಲಿ ಕೊಳೆತ ಹಿಕ್ಕೆಯದು.

ಅದು ಯಾರ ಕುರಿ ಎಂದೂ ಅವಳಿಗೆ ಗೊತ್ತಿತ್ತು. ಬೇಸಿಗೆಯಲ್ಲಿ ಅವಳ ತಮ್ಮ ಸಣ್ಣಪ್ಪ ಮಂದೆ ಹೊಡೆದುಕೊಂಡು ಈ ಕಡೆ ಬಂದಾಗ, ಮರುಳಸಿದ್ದಪ್ಪನ ಹೊಲ ಖಾಲಿ ಐತೆ, ಅಲ್ಲಿ ನಿಲ್ಲಿಸು ಎಂದು ಹೇಳಿ ಕಳಿಸಿದವಳು ಅವಳೇ. ಇದರಲ್ಲಿ ತಪ್ಪು ಹುಡುಕುವವರು ಈ ಸೀಮೆಯಲ್ಲಿ ಯಾರೂ ಇಲ್ಲ. ಹೊಲದಲ್ಲಿ ಕುರಿ ನಿಲ್ಲಿಸಿದರೆ ಮೂರು ವರ್ಷಕ್ಕೆ ಗೊಬ್ಬರದ ಚಿಂತೆಯಿಲ್ಲ, ಯಜಮಾನ ಸಂತೋಷವಾಗಿ ದವಸ ಅಳೆದು ಕೊಡುತ್ತಾನೆ. ಆದರೆ ಸಣ್ಣಪ್ಪ ಮಂದೆ ಕೂರಿಸಿದ್ದು ಇಂಗುಬಾವಿಯ ಕಾಲುವೆಗೆ ಸರಿಯಾಗಿ ಮೇಲಿನ ಇಳಿಜಾರಿನಲ್ಲಿ. ಮೊದಲ ಮಳೆಗೆ ಹಿಕ್ಕೆಯೆಲ್ಲ ತೇಲಿ, ಸೋಸುಗುಂಡಿಯ ಸಂದುಗಳನ್ನೆಲ್ಲ ಮುಚ್ಚಿ, ಅದರ ಮೇಲೆ ಹತ್ತಿ ಬಾವಿಗೆ ಬಿದ್ದಿತ್ತು. ಅದರ ಮೇಲೆ ಮಣ್ಣು ಕೂತು ಹೆಪ್ಪುಗಟ್ಟಿತ್ತು. ಇಷ್ಟು ತಿಂಗಳು ಕೊಳೆತು ಹುಟ್ಟಿದ ಕೆಟ್ಟ ಗಾಳಿ ಆ ಮುಚ್ಚಳದ ಕೆಳಗೆ ಕಾದು ಕೂತಿತ್ತು. ಲಾಟೀನಿಗೆ ಅದು ಹೇಗೆ ಗೊತ್ತಾಗಬೇಕು? ಲಾಟೀನು ಇಳಿದಾಗ ಮುಚ್ಚಳ ಮುಚ್ಚೇ ಇತ್ತು. ಈಗ ಯತ್ತಪ್ಪ ತನ್ನ ಕೈಯಾರೆ ಅದನ್ನು ಒಡೆದಿದ್ದ.

ಅವಳು ಕಟ್ಟಳೆ ಮುರಿದಳು. "ಮೇಲೆ ಬರ್ರಿ! ಸಾಕು, ಬರ್ರಿ ಮೇಲೆ!"

"ಇನ್ನೆರಡು ಬಕೆಟ್ಟು," ಎಂದಿತು ಕೆಳಗಿನ ದನಿ. "ಗರಸು ಕಾಣ್ತಾ ಐತೆ."

"ಇನ್ನೆರಡೇ ಅಂತೆ ಬಿಡವ್ವ," ಎಂದ ಮರುಳಸಿದ್ದಪ್ಪ. "ಕೈಗೆ ಬಂದಿದ್ದು ಬಾಯಿಗೆ ಬರದಂಗೆ ಮಾಡ್ಬೇಡ."

ಆಗ ಕೆಳಗಿನಿಂದ ಯತ್ತಪ್ಪ ನಕ್ಕ. ಅವನು ಬಾವಿಯಲ್ಲಿ ನಕ್ಕವನಲ್ಲ.

"ಲೇ ತಿಪ್ಪಿ..." ದನಿ ನಿಧಾನವಾಗಿತ್ತು, ಹಬ್ಬದ ದಿನ ಹೋಳಿಗೆ ತಿಂದು ಒರಗಿದವನ ದನಿಯಂತೆ. "ಮದುವೆ ಆಗಿ ಹೊಸದುರ್ಗದಿಂದ ಲಾರಿಯಾಗೆ ಬಂದ್ವಲ್ಲ... ನಿಮ್ಮಪ್ಪ ಬಳುವಳಿ ಕೊಟ್ಟ ಕುರಿಮರೀನ ಸೆರಗಿನಾಗೆ ಸುತ್ಕಂಡು ಕುಂತಿದ್ದೆ ನೀನು... ಬಿಳೀ ಮರಿ... ಚಳಿ ಆಗುತ್ತೆ ಅಂತ ದಾರಿ ಪೂರ್ತಿ ಅದರ ತಲೆ ಸವರ್ತಿದ್ದೆ... ಆ ಮರಿ ನಾನಾಗಿದ್ರೆ ಅನ್ಸಿತ್ತು ಕಣೆ... ಅವತ್ತಿಂದ ಇವತ್ತಿನ ಮಟ..."

ಚಂದ್ರು, ತಿಮ್ಮೇಶ್ ಇಬ್ಬರೂ ಹೋ ಎಂದು ನಕ್ಕರು. "ಅಕ್ಕಾ, ಅಣ್ಣ ಇವತ್ತು ಬಲೇ ಖುಷಿಯಾಗೈತೆ!"

ತಿಪ್ಪಕ್ಕನಿಗೆ ಮಾತ್ರ ಸಾವೇ ಬಂದು ಭುಜ ಮುಟ್ಟಿದಂತಾಯಿತು. ಇಷ್ಟು ವರ್ಷ ಯಾವ ಮಾತಿಗಾಗಿ ಕಾದಿದ್ದಳೋ ಆ ಮಾತು ಬಂದಿತ್ತು, ಅದಕ್ಕೇ ಅವಳಿಗೆ ಗೊತ್ತಾಯಿತು, ಇವನ ತಲೆ ತಿರುಗಿದೆ. ಅಲ್ಲದೆ ಆ ಮರಿ ಬಿಳಿಯದಲ್ಲ, ಕರಿಯದು. ಯತ್ತಪ್ಪ ಮಾತು ಕಮ್ಮಿ ಆಡಬಹುದು, ಆಡಿದ್ದರಲ್ಲಿ ಒಂದಕ್ಷರ ತಪ್ಪುವವನಲ್ಲ.

"ಎಳೀರೋ! ಹಗ್ಗ ಎಳೀರಿ!"

"ಯಾಕಕ್ಕ? ಚೆನ್ನಾಗೇ ಮಾತಾಡ್ತಾ ಐತಲ್ಲ..."

ಯಾಕೆ ಎಂದು ಏನು ಹೇಳುವುದು? ನನ್ನ ಗಂಡ ನನ್ನ ಮೇಲೆ ಆಸೆಯ ಮಾತಾಡಿದ, ಅದಕ್ಕೆ ಎಳೀರಿ ಎಂದರೆ ಯಾರು ನಂಬುತ್ತಾರೆ? ಅವಳು ಹೇಳಲು ನಿಲ್ಲಲಿಲ್ಲ. ಮರದ ಸುತ್ತು ಬಿಡಿಸಿ, ಹಗ್ಗವನ್ನು ಹೆಗಲಿಗೆ ಹಾಕಿ, ಬಾವಿಗೆ ಬೆನ್ನು ಮಾಡಿ ನೇಗಿಲೆಳೆಯುವ ಎತ್ತಿನಂತೆ ಮುಂದಕ್ಕೆ ಬಾಗಿದಳು. ಹಗ್ಗ ಒಂದು ಮೊಳ ಬಂತು, ನಿಂತಿತು. ಒಬ್ಬಳಿಂದ ಆಗುವ ಕೆಲಸವಲ್ಲ.

ಆಗ ಹಿಂದಿನಿಂದ ಇನ್ನೆರಡು ಕೈ ಹಗ್ಗ ಹಿಡಿದವು. ಅನುಪಮಾ. ಯಾಕೆ ಏನು ಎಂದು ಅವಳು ಕೇಳಲೇ ಇಲ್ಲ. ಚಪ್ಪಲಿ ಒದ್ದು, ಕಾಲು ಮಣ್ಣಿಗೆ ಕೊಟ್ಟು, "ಏನ್ ನೋಡ್ತಿದೀರ? ಹಿಡೀರಿ!" ಎಂದು ಚೀರಿದಳು. ಚಂದ್ರು, ತಿಮ್ಮೇಶ್ ಬಕೆಟ್ಟು ಬಿಟ್ಟು ಓಡಿಬಂದರು. ಮರುಳಸಿದ್ದಪ್ಪನೂ ಪಂಚೆ ಎತ್ತಿ ಕಟ್ಟಿ ಹಗ್ಗಕ್ಕೆ ಬಂದ.

ಕೆಳಗೆ ಮಾತು ತೊದಲಿತು. "ಮರಿ... ಮರಿ..." ಎಂದು ಎರಡು ಸಲ ಬಂದು, ನಿಂತುಹೋಯಿತು.

ಮಾತು ನಿಂತ ಬಾವಿಯನ್ನು ತಿಪ್ಪಕ್ಕ ಅಲ್ಲಿಯವರೆಗೆ ಕಂಡಿರಲಿಲ್ಲ. ಹಗ್ಗ ಬರುತ್ತಿತ್ತು, ಮೊಳ ಮೊಳವಾಗಿ, ಹೆಣದ ಭಾರ. ಅರ್ಧಕ್ಕೆ ಬಂದಾಗ ಗಕ್ಕನೆ ಸಿಕ್ಕಿಕೊಂಡಿತು. ತಿಪ್ಪಕ್ಕ ಹಗ್ಗವನ್ನು ಅವರ ಕೈಗೆ ಬಿಟ್ಟು ದಡಕ್ಕೆ ಓಡಿ ಬಗ್ಗಿ ನೋಡಿದಳು. ಯತ್ತಪ್ಪನ ತಲೆ ಎದೆಯ ಮೇಲೆ ಜೋತಿತ್ತು. ಬಲಭುಜ ಚಾಚಿದ ಮೆಟ್ಟಿಲುಗಲ್ಲಿನ ಅಡಿಗೆ ಸಿಕ್ಕಿತ್ತು. ಎಳೆದಷ್ಟೂ ಕಲ್ಲು ಭುಜವನ್ನು ಒತ್ತುತ್ತಿತ್ತು.

"ನಾ ಇಳೀತೀನಿ, ಬಿಡಿಸಿ ಬರ್ತೀನಿ," ಎಂದು ಚಂದ್ರು ಬಕೆಟ್ಟಿನ ಹಗ್ಗ ಹಿಡಿದು ದಡಕ್ಕೆ ಕಾಲಿಟ್ಟ.

ತಿಪ್ಪಕ್ಕ ಅವನ ಕೆನ್ನೆಗೆ ಬಾರಿಸಿದಳು. "ಇಳಿದ್ರೆ ನಿನ್ನನ್ನ ಎಳೆಯೋರು ಯಾರೋ? ಒಂದು ಹೆಣ ಸಾಲ್ದಾ ನಿನಗೆ?" ಹೆಣ ಎಂಬ ಮಾತು ತನ್ನ ಬಾಯಿಂದಲೇ ಬಂದದ್ದನ್ನು ಕೇಳಿ ಅವಳು ಬೆಚ್ಚಿದಳು. "ಬೇವಿನ ಸೊಪ್ಪು ಕಿತ್ತು ತಾ. ಹಗ್ಗಕ್ಕೆ ಕಟ್ಟಿ ಮೇಲೆ ಕೆಳಗೆ ಆಡ್ಸು. ಗಾಳಿ ಕದಡ್ಲಿ. ಹೋಗು!" ಚಂದ್ರು ಕೆನ್ನೆ ಹಿಡಿದುಕೊಂಡೇ ಓಡಿದ.

ಯತ್ತಪ್ಪನನ್ನು ಬಿಡಿಸಲು ದಾರಿ ಒಂದೇ ಇತ್ತು. ಹಗ್ಗ ಸಡಿಲ ಬಿಡಬೇಕು. ಎಳೆದು ತಂದ ಅಷ್ಟನ್ನೂ ಬಿಟ್ಟು, ಮತ್ತೆ ಆ ಕೆಟ್ಟ ಗಾಳಿಯ ಕಡೆಗೇ ಒಂದಾಳು ಇಳಿಸಿ, ಈಚೆ ಗೋಡೆಗೆ ತೂಗಿಸಿ ಎಳೆಯಬೇಕು. ಅವಳು ಕೈ ಎತ್ತಿ ಕೆಳಗಿಳಿಸುವ ಸನ್ನೆ ಮಾಡಿದಳು.

"ಬಿಡ್ರಿ."

"ಏನಂದೆ?" ಮರುಳಸಿದ್ದಪ್ಪನಿಗೆ ನಂಬಿಕೆ ಬರಲಿಲ್ಲ.

"ಬಿಡ್ರಿ ಅಂದೆ! ನಿಧಾನಕ್ಕೆ... ಇನ್ನೊಂಚೂರು... ಇನ್ನೊಂಚೂರು..."

ಯತ್ತಪ್ಪ ಕತ್ತಲೆಗೆ ಇಳಿದ. ಜೋತ ತಲೆ ಕಾಣದಾಯಿತು. ತಿಪ್ಪಕ್ಕ ದಡದ ಕಲ್ಲಿಗೆ ಎದೆಯೊತ್ತಿ ಮಲಗಿ, ಹಗ್ಗವನ್ನು ಎರಡು ಕೈಯಿಂದ ಹಿಡಿದು ತನ್ನ ಕಡೆಗೆ ಜಗ್ಗಿದಳು. ಕೆಳಗೆ ಬಟ್ಟೆ ಹರಿದ ಸದ್ದಾಯಿತು. ಹಗ್ಗ ಬಿಡುಗಡೆಯಾಗಿ ತೂಗಿತು.

"ಈಗ ಎಳೀರಿ! ನಿಲ್ಲಬ್ಯಾಡ್ರಿ!"

ದಡಕ್ಕೆ ಬಂದಾಗ ಅವನ ತುಟಿ ನೇರಳೆಹಣ್ಣು ತಿಂದಂತೆ ಕಪ್ಪಾಗಿತ್ತು. ಅನುಪಮಾ ಅವನನ್ನು ಗಾಳಿಗೆ ಎಳೆದು ಮಲಗಿಸಿ, ಅಂಗಿ ಹರಿದು, ಬಾಯೊಳಗಿನ ಕೆಸರು ತೆಗೆದು, ಬಾಯಿಗೆ ಬಾಯಿಟ್ಟು ಉಸಿರು ಊದಿದಳು. ತಿಪ್ಪಕ್ಕ ಅವನ ಪಾದ ಹಿಡಿದು ಕೂತಿದ್ದಳು. ಯತ್ತಪ್ಪ ಕೆಮ್ಮಿದ. ಮತ್ತೆ ಕೆಮ್ಮಿ ಕರ್ರಗೆ ಕಕ್ಕಿದ. ಆಗ ಅವಳು ಗಟ್ಟಿಯಾಗಿ ಅತ್ತಳು.

ಆಂಬುಲೆನ್ಸು ಅವನನ್ನು ಹಿರಿಯೂರಿನ ಆಸ್ಪತ್ರೆಗೆ ಒಯ್ಯಿತು. ಮೋಡದ ವಿಷಯ ಹೇಳಲೇಬೇಕು. ಅಷ್ಟೆಲ್ಲ ಅವಸರ ಮಾಡಿಸಿದ ಆ ಮೋಡ ಒಂದು ಹನಿ ಉದುರಿಸದೆ ಜಂಬದಿಂದ ಹೊಸದುರ್ಗದ ಕಡೆ ಹೋಯಿತು.

ಮೂಗಿಗೆ ಪೈಪು ಹಾಕಿಕೊಂಡು ಮಲಗಿದ ಯತ್ತಪ್ಪ ಎಚ್ಚರವಾದ ಮೇಲೆ ಮತ್ತೆ ಹಳೇ ಯತ್ತಪ್ಪನೇ. ನಾಗಶ್ರೀ ಬಂದು ಅತ್ತಾಗ ತಲೆ ಸವರಿದ, ಅಷ್ಟೇ. ಎಲ್ಲರೂ ಹೊರಗೆ ಹೋದಾಗ ತಿಪ್ಪಕ್ಕ ಸ್ಟೂಲು ಎಳೆದುಕೊಂಡು ಕೂತು, ಕೇಳಬಾರದು ಎಂದುಕೊಂಡಿದ್ದನ್ನು ಕೇಳಿಯೇಬಿಟ್ಟಳು.

"ಬಾವ್ಯಾಗೆ ಕುರಿಮರಿ ವಿಷ್ಯ ಏನೋ ಅಂದ್ರಲ್ಲ. ನೆಪ್ಪೈತಾ?"

ಯತ್ತಪ್ಪ ಅವಳ ಮುಖ ನೋಡಿದ. ಆಮೇಲೆ ಮೇಲೆ ತಿರುಗುವ ಫ್ಯಾನು ನೋಡಿದ. ಕಣ್ಣು ಮುಚ್ಚಿದ.

ಸರಿ, ಅದು ಕೆಟ್ಟ ಗಾಳಿ ಆಡಿಸಿದ ಮಾತು, ಎಂದುಕೊಂಡಳು ತಿಪ್ಪಕ್ಕ. ಗಂಡ ಉಳಿದನಲ್ಲ, ಇನ್ನೇನು ಬೇಕು? ಹಾಗೆಂದು ಮನಸ್ಸಿಗೆ ಎಷ್ಟು ಬುದ್ಧಿ ಹೇಳಿದರೂ ಅದು ಕೇಳಲಿಲ್ಲ. ಒಂದು ಸಲ ಕಿವಿಗೆ ಬಿದ್ದ ಮಾತನ್ನು ಬಿದ್ದಿಲ್ಲ ಅನ್ನಿಸುವುದು ಹೇಗೆ? ಅವಳಿಗೆ ಗಂಡನ ಮೇಲೂ ಸಿಟ್ಟು ಬಂತು, ಕೆಟ್ಟ ಗಾಳಿಯ ಮೇಲೂ ಸಿಟ್ಟು ಬಂತು.

ಆದರೆ ಬಾವಿ ಅರ್ಧಕ್ಕೆ ನಿಂತಿತ್ತು. ತಿಪ್ಪಕ್ಕ ಫೋನಿನಲ್ಲಿ ಬೈದ ಬೈಗುಳಕ್ಕೆ ತಮ್ಮ ಸಣ್ಣಪ್ಪ ಎಲ್ಲಿದ್ದನೋ ಅಲ್ಲಿಂದ ಓಡಿಬಂದು, ಇಳಿಜಾರಿನ ಹಿಕ್ಕೆಯನ್ನೆಲ್ಲ ಬಾಚಿ ಕೆಳಗಿನ ಹೊಲಕ್ಕೆ ಹಾಕಿ, ಕಾಲುವೆಯ ತಲೆಗೆ ಬದು ಕಟ್ಟಿದ. ಅತಿಯಾದರೆ ಅಮೃತವೂ ವಿಷ ಎನ್ನುವುದು ಗೊಬ್ಬರಕ್ಕೂ ನಿಜ ಎಂದು ಅವನಿಗೆ ಗೊತ್ತಾಯಿತು. ಹಟ್ಟಿಯವರು ಸೋಸುಗುಂಡಿಯ ಕಲ್ಲು, ಮರಳು ತೆಗೆದು ತೊಳೆದು ಮತ್ತೆ ತುಂಬಿದರು. ತಳದ ಹಿಕ್ಕೆಯ ಪದರ ಮಾತ್ರ ಉಳಿಯಿತು. ಯತ್ತಪ್ಪನ ಬಲಭುಜಕ್ಕೆ ಪಟ್ಟಿ ಕಟ್ಟಿದ್ದರು, ಅವನು ಇಳಿಯುವ ಹಾಗಿರಲಿಲ್ಲ. ಚಂದ್ರು ಬಾವಿಯ ಹೆಸರೆತ್ತಿದರೆ ಕೆನ್ನೆ ಸವರಿಕೊಳ್ಳುತ್ತಿದ್ದ.

"ನಾನು ಇಳೀತೀನಿ," ಎಂದಳು ತಿಪ್ಪಕ್ಕ. "ನಮ್ಮ ತವರಿನ ಕುರಿ ಮಾಡಿದ್ದು, ನಾನೇ ಬಳೀತೀನಿ."

ಈ ಸಲ ಅನುಪಮಾ ಯಾರ ಮಾತೂ ಕೇಳಲಿಲ್ಲ. ದೊಡ್ಡ ಫ್ಯಾನಿಗೆ ಆನೆಯ ಸೊಂಡಿಲಿನಂಥ ಪೈಪು ಸಿಕ್ಕಿಸಿ ಬೆಳಗಿನಿಂದ ಬಾವಿಗೆ ಗಾಳಿ ಊದಿಸಿದಳು. ಮೀಟರು ಇಳಿಬಿಟ್ಟು ನೋಡಿ, ಅದೇ ಮೀಟರನ್ನು ತಿಪ್ಪಕ್ಕನ ಕೊರಳಿಗೆ ತಾಳಿಯ ಪಕ್ಕ ನೇತುಹಾಕಿದಳು. ಅದು ಕೂಗಿದರೆ ಒಂದು ಕ್ಷಣವೂ ನಿಲ್ಲಬಾರದು. ಕರೆಂಟಿನ ವೈರು ಯಾರೂ ತುಳಿಯದಂತೆ ಮರುಳಸಿದ್ದಪ್ಪ ಬೆಳಗಿನಿಂದ ಕದಲದೆ ಕಾವಲು ಕೂತಿದ್ದ. ಎಳೆಯಲು ನಾಲ್ವರು ನಿಂತರು. ಆದರೆ ಹಗ್ಗದ ತುದಿ ಯತ್ತಪ್ಪನ ಎಡಗೈಗೆ ಹೋಯಿತು. ಅದನ್ನು ಯಾರೂ ಹೇಳಬೇಕಾಗಲಿಲ್ಲ.

ಏಳಾಳು ಕೆಳಗೆ ಕಾಲೂರಿದಾಗ ತಿಪ್ಪಕ್ಕನಿಗೆ ಆಕಾಶ ಒಂದು ರೊಟ್ಟಿಯಷ್ಟು ಕಾಣಿಸಿತು. ನಡುವಿನ ಹಗ್ಗವನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮಾತಾಡಬೇಕು, ಅದು ಕಟ್ಟಳೆ. ಜೀವಮಾನವಿಡೀ ಮಾತೇ ಆಡಿದವಳಿಗೆ ಅಲ್ಲಿ ಏನೂ ಹೊಳೆಯಲಿಲ್ಲ. ಗಂಡ ಚಟ್ನಿ, ಮುದ್ದೆ, ಈರುಳ್ಳಿ ಎಂದು ಒದರುತ್ತಿದ್ದದ್ದು ಹೆದರಿಕೆಗೆ ಎಂದು ಅವಳಿಗೆ ಅಂದು ತಿಳಿಯಿತು. ನಡುವಿನ ಹಗ್ಗ ಜಗ್ಗಿತು. ಮೌನ ಕಂಡು ಅವನು ಎಳೆಯಲು ಶುರು ಮಾಡಿದ್ದ.

"ಇದೀನಿ, ಇದೀನಿ!" ಎಂದು ಕೂಗಿದಳು. "ನಾತ ಐತೆ... ತಣ್ಣಗೈತೆ..."

"ಹ್ಞೂಂ," ಎಂದಿತು ಮೇಲಿನಿಂದ.

ಅವಳು ಬಳಿದಳು, ತುಂಬಿದಳು, ಕಳಿಸಿದಳು. ಹುಣಸೆಹಣ್ಣಿನ ಮಾತಾಡಿದಳು, ಹಾರೆ ತಟ್ಟಿಸದ ಮಾತಾಡಿದಳು, ಸಣ್ಣಪ್ಪನಿಗೆ ಇನ್ನೊಂದು ಕಂತು ಬೈದಳು. ಪ್ರತಿ ಮಾತಿಗೂ ಹ್ಞೂಂ ಬಂತು. ಕೊನೆಯ ಲೋಳೆ ಬಳಿದು, ಹಾರೆಯಿಂದ ಗರಸು ಕೆದಕಿ, ಗೋಡೆಯ ಜಲದ ಕಣ್ಣು ಬಿಡಿಸಿ, ಅವಳು ಒಂದು ಬಕೆಟ್ಟು ನೀರು ಕೇಳಿ ಇಳಿಸಿಕೊಂಡಳು. ಬಾವಿ ನೀರು ಹಿಡಿಯುತ್ತದೋ ಇಲ್ಲವೋ ಸುರಿದು ನೋಡುವುದು ಕೊನೆಯ ಕೆಲಸ. ಬಕೆಟ್ಟು ಕೈಯಲ್ಲಿ ಹಿಡಿದು ಅವಳು ನಿಂತಳು. ಇನ್ನು ಮೇಲೆ ಹತ್ತಿದರೆ ಮತ್ತೆ ಕೇಳಲಾಗುವುದಿಲ್ಲ ಎನ್ನಿಸಿತು.

"ಅವತ್ತು ಆ ಮರಿ ಮಾತು... ಅದು ಕೆಟ್ಟ ಗಾಳಿ ಆಡಿದ್ದೋ, ನೀವು ಆಡಿದ್ದೋ?"

ಹ್ಞೂಂ ಬರಲಿಲ್ಲ.

ಅವಳು ಕಾದಳು. ಫ್ಯಾನಿನ ಗುಂಯ್ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಹ್ಞೂಂ ನಿಂತರೆ ಹತ್ತಬೇಕು, ಅತ್ತೆ ಹೇಳಿದ್ದಳು. ಅವಳ ಕಾಲು ಮಾತ್ರ ಕದಲಲಿಲ್ಲ. ಕಣ್ಣು ತುಂಬಿ ರೊಟ್ಟಿಯಷ್ಟು ಆಕಾಶವೂ ಕಲಸಿಹೋಯಿತು. ದಡದಲ್ಲಿ ಒಂದು ತಲೆ ಬಾಗಿತು. ಹಗ್ಗ ಹಿಡಿದವನು ಆಡಬಾರದ ಮಾತನ್ನು, ನಾಲ್ಕು ಜನ ಎಳೆಯುವವರು, ಎಂಜಿನಿಯರು, ಹಟ್ಟಿಯ ಹಿರಿಯ ಎಲ್ಲರೂ ಕೇಳುವಂತೆ ಯತ್ತಪ್ಪ ಆಡಿದ.

"ಮರಿ ಬಿಳೀದಲ್ಲ ಕಣೆ, ಕರೀದು. ಎಡಗಿವಿ ಹರಿದಿತ್ತು. ಅದೊಂದು ತಪ್ಪು ಹೇಳಿದ್ದೆ. ಉಳಿದಿದ್ದೆಲ್ಲ ಅಂದಂಗೇ."

ತಿಪ್ಪಕ್ಕ ಬಕೆಟ್ಟು ಬಗ್ಗಿಸಿದಳು. ನೀರು ಗರಸಿನ ಮೇಲೆ ಹರಡಿ, ಅವಳ ಪಾದ ತೊಯಿಸಿ, ಅವಳು ನೋಡುತ್ತಿದ್ದಂತೆಯೇ ಕೆಳಗಿಳಿದು ಹೋಯಿತು.

"ಹ್ಞೂಂ," ಎಂದಳು ಅವಳು.